ಮೂರು ನೀರು

ಹಾಲಿಗೆ ಬೆಳ್ಳುಳ್ಳಿ ವಾಸನೆ ಬರುತ್ತಿದೆ ಎಂದು ಅಜ್ಜಿ ಮೊದಲ ಸಲ ಹೇಳಿದಾಗ ಊಟದ ಮೇಜಿನ ಸುತ್ತ ಯಾರೂ ತಲೆ ಎತ್ತಲಿಲ್ಲ. ಲೋಟವನ್ನು ಮೇಜಿನ ನಡುವಿಗೆ ತಳ್ಳಿ ಮತ್ತೊಮ್ಮೆ ಹೇಳಿದಾಗ ಅವಳ ಸೊಸೆ, ಎಂದರೆ ಈಗ ತಾವೇ ಒಬ್ಬ ಸೊಸೆಗೆ ಅತ್ತೆಯಾಗಿದ್ದವರು, ಚಮಚ ಕೆಳಗಿಟ್ಟರು.

"ಹಾಲಿಗೆ ಯಾರಾದ್ರೂ ಬೆಳ್ಳುಳ್ಳಿ ಹಾಕ್ತಾರಾ?"

"ಹಾಕ್ತಾರೆ ಅಂದ್ನಾ? ವಾಸನೆ ಬರ್ತಿದೆ ಅಂದೆ."

"ನಿಮ್ಮ ಮೂಗಿಗೂ ವಯಸ್ಸಾಯ್ತು, ಅಷ್ಟೆ."

"ಮೂಗಿಗೆ ವಯಸ್ಸಾದ್ರೆ ಇರೋ ವಾಸನೆ ಗೊತ್ತಾಗಲ್ಲ. ಇಲ್ಲದ ವಾಸನೆ ಯಾಕೆ ಬರುತ್ತೆ?"

ಅಮ್ಮ ಮತ್ತು ಹೆಂಡತಿಯ ನಡುವಿನ ಜಗಳಕ್ಕೆ ಪ್ರೊಫೆಸರ್ ಎಂದಿನಂತೆ ಒಂದೇ ಪ್ರಶ್ನೆಯಲ್ಲಿ ತೀರ್ಪು ಕೊಟ್ಟರು. "ಪಾತ್ರೆ ಮೂರು ನೀರು ಕಂಡಿದೆ ತಾನೇ?"

"ಕಂಡಿದೆ."

"ಹಾಗಾದ್ರೆ ವಾಸನೆ ಇಲ್ಲ, ಅಮ್ಮ. ಮೂರು ನೀರು ಕಂಡ ಪಾತ್ರೆ ಸುಳ್ಳು ಹೇಳಲ್ಲ."

ಅದು ಅವರು ಪ್ರಯೋಗಾಲಯದಿಂದ ಮನೆಗೆ ತಂದ ಕಾನೂನು. ಮೊದಲ ನೀರು ಸಾಬೂನಿನದು, ಎರಡನೆಯದು ಬಿಸಿಯದು, ಮೂರನೆಯದು ಬರೀ ನೋಡುವುದಕ್ಕೆ: ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯ ಹಾಗೆ ಜಾರಿಹೋದರೆ ಗಾಜು ಶುದ್ಧ. ಮದುವೆಯಾಗಿ ಬಂದ ಹೊಸದರಲ್ಲಿ ಪ್ರೊಫೆಸರರ ಹೆಂಡತಿ, ಅಂದರೆ ಈ ಮನೆಯ ಈಗಿನ ಅತ್ತೆ, ಇದನ್ನು ಕೇಳಿ ನಕ್ಕಿದ್ದರಂತೆ. ಈಗ ಬೇರೆಯವರ ಮನೆಗೆ ಊಟಕ್ಕೆ ಹೋದರೂ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

"ಜಿರಳೆ ಪುಡಿ ಪ್ರೊಫೆಸರ್ ಹೇಳಿದ ಮೇಲೆ ಮುಗೀತು," ಎಂದು ಅಜ್ಜಿ ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು. ಮಗ ಬೋರಾನ್ ಮೇಲೆ ಸಂಶೋಧನೆ ಮಾಡುತ್ತಾನೆ, ಆ ಬೋರಾನೇ ಜಿರಳೆಗೆ ಹಾಕುವ ಬೋರಿಕ್ ಪುಡಿಯಲ್ಲಿರುವುದು ಎಂದು ಯಾರೋ ಹೇಳಿದ ದಿನದಿಂದ ಅವಳು ಇಟ್ಟ ಹೆಸರು ಅದು.

ಪ್ರೊಫೆಸರ್ ತಮ್ಮ ಸೊಸೆಯ ಕಡೆ ತಿರುಗಿದರು. ಅವರು ಅದನ್ನೇ ಕೇಳಲು ಕಾಯುತ್ತಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

"ಇವತ್ತು ಏನಾಯ್ತು?"

"ಆಗ್ಲಿಲ್ಲ, ಮಾವ."

"ಎಷ್ಟು ಹೊತ್ತು ಬಿಟ್ಟೆ?"

"ಬೆಳಗ್ಗೆ ಇಟ್ಟಿದ್ದು, ಸಂಜೆ ತನಕ. ಹೊಸ ಚುಕ್ಕೆ ಬರ್ಲೇ ಇಲ್ಲ."

"ಒಳಗೆ ಗಾಳಿ ಹೋಗಿರಬೇಕು," ಎಂದು ಅವರು ಬ್ರೆಡ್ ಮುರಿದರು.

ವಿಷಯ ಇಷ್ಟು. ಔಷಧ ಮಾಡುವವರು ಇಂಗಾಲದ ಎರಡು ತುಂಡುಗಳನ್ನು ಜೋಡಿಸಬೇಕಾದರೆ ಬೋರಾನ್ ಒಂದು ತುಂಡನ್ನು ಕೈಹಿಡಿದು ಕರೆತರುತ್ತದೆ, ಪಲ್ಲಾಡಿಯಮ್ ಎಂಬ ದುಬಾರಿ ಲೋಹ ನಡುವೆ ನಿಂತು ಗಂಟು ಹಾಕುತ್ತದೆ. ಪ್ರೊಫೆಸರ್ ತಮ್ಮ ವೃತ್ತಿಯ ಮುಕ್ಕಾಲು ಪಾಲನ್ನು ಈ ಲೋಹದ ಜೊತೆಯಲ್ಲೇ ಕಳೆದವರು. ಅದನ್ನು ಅವರು ತರಗತಿಯಲ್ಲಿ ಮದುವೆ ದಲ್ಲಾಳಿ ಎನ್ನುತ್ತಿದ್ದರು. ದಲ್ಲಾಳಿ ಕೆಲಸ ಮುಗಿದ ಮೇಲೂ ಮನೆ ಬಿಟ್ಟು ಹೋಗುವುದಿಲ್ಲ, ಮಾತ್ರೆಯಲ್ಲಿ ಚೂರುಪಾರು ಉಳಿದುಬಿಡುತ್ತದೆ, ತಿನ್ನುವವರ ಮೈಗೆ ಅದು ಒಳ್ಳೆಯದಲ್ಲ, ಅದನ್ನು ತೆಗೆಯುವುದೇ ದೊಡ್ಡ ಖರ್ಚು. ನಿವೃತ್ತಿ ಹತ್ತಿರ ಬಂದಾಗ ಅವರು ಬೋರಾನಿನದೇ ಒಂದು ಸಂಯುಕ್ತ ಮಾಡಿ, ಇದು ದಲ್ಲಾಳಿಯೇ ಇಲ್ಲದೆ ಗಂಟು ಹಾಕುತ್ತದೆ ಎಂದು ತೋರಿಸಿದರು. ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಬಂತು, ಅಭಿನಂದನೆಗಳು ಬಂದವು. ಬೇರೆ ದೇಶದ ಒಂದು ಪ್ರಯೋಗಾಲಯದಿಂದ ಮಾತ್ರ, ನಮ್ಮ ಕೈಯಲ್ಲಿ ಆಗುತ್ತಿಲ್ಲ ಎಂಬ ಸುದ್ದಿಯೂ ಬಂತು.

ನಿವೃತ್ತಿಯ ನಂತರವೂ ಕೆಲವು ವರ್ಷ ಪ್ರಯೋಗಾಲಯದ ಕೋಣೆಯನ್ನು ಅವರಿಗೇ ಬಿಡಬೇಕೆ ಎಂದು ತೀರ್ಮಾನಿಸಲು ತಿಂಗಳ ಕೊನೆಗೆ ಕಮಿಟಿ ಬರುವುದಿತ್ತು. ಕೋಣೆ ಉಳಿದರೆ ಸಂಸ್ಥೆ ಕೊಟ್ಟ ಈ ಮನೆಯೂ ಉಳಿಯುತ್ತದೆ. ಹೊರಗಿನ ಬೇರೆ ಲ್ಯಾಬಿನಲ್ಲಿ ಯಾರಾದರೂ ಈ ಕ್ರಿಯೆ ಮಾಡಿ ನೋಡಿ ಆಯಿತೆಂದು ಬರೆದುಕೊಟ್ಟರೆ ಸಾಕು, ಅನುಮಾನ ಪಡುವವರ ಬಾಯಿ ಮುಚ್ಚುತ್ತದೆ ಎಂದಿದ್ದರು ಸಂಸ್ಥೆಯ ನಿರ್ದೇಶಕರು. ಸೊಸೆ ಒಂದು ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್. ಮೊದಲು ಪ್ರೊಫೆಸರರ ವಿದ್ಯಾರ್ಥಿನಿ, ಆಮೇಲೆ ಅವರ ಮಗನ ಹೆಂಡತಿ. ಮನೆಯಲ್ಲಿ 'ಮಾವ' ಎನ್ನುತ್ತಿದ್ದಳು, ಮರೆತಾಗ 'ಸರ್' ಎಂದುಬಿಡುತ್ತಿದ್ದಳು. ಬರೆದುಕೊಡಬೇಕಾದವಳು ಅವಳೇ.

ಮರುದಿನ ಬೆಳಗ್ಗೆ ಅತ್ತೆ ಒಲೆಯ ಮುಂದೆ ಬೆಳ್ಳುಳ್ಳಿ ಹುರಿಯುತ್ತಿದ್ದರು. ಹೊಸದಾಗಿ ತಂದ ಬಿಳಿ ರಬ್ಬರ್ ಸೌಟು ಅವರ ಕೈಯಲ್ಲಿತ್ತು. ಬಿಸಿಗೆ ಕರಗುವುದಿಲ್ಲ, ತಳ ಗೀಚುವುದಿಲ್ಲ ಎಂದು ಅದು ಬಂದಾಗಿನಿಂದ ಬೇರೆ ಸೌಟುಗಳು ಡ್ರಾಯರ್ ಬಿಟ್ಟು ಹೊರಗೆ ಬಂದಿರಲಿಲ್ಲ.

"ಎರಡು ಸಾಲು ತಾನೇ," ಎಂದರು ಅತ್ತೆ, ತಿರುಗಿ ನೋಡದೆ. "ಮಾಡಿ ನೋಡಿದೆ, ಆಯ್ತು. ಅಷ್ಟೇ ಅಲ್ವಾ?"

"ಆಗ್ಲಿಲ್ವಲ್ಲ ಅತ್ತೆ."

"ಅವರ ಕೈಯಲ್ಲಿ ಆಗುತ್ತಲ್ಲ. ಅವರೇನು ಸುಳ್ಳು ಹೇಳ್ತಾರಾ?"

"ಅವರು ಸುಳ್ಳು ಹೇಳಲ್ಲ. ನಾನು ಬರೆದ್ರೆ ನಾನು ಹೇಳಿದ ಹಾಗಾಗುತ್ತೆ."

"ಓಹೋ." ಅತ್ತೆ ಉರಿ ಸಣ್ಣ ಮಾಡಿದರು. "ನಿನಗೆ ಕೆಲಸ ಕಲಿಸಿದವರು ಯಾರು?"

ಸೊಸೆ ಊಟದ ಡಬ್ಬಿಯ ಮುಚ್ಚಳ ಒತ್ತಿದಳು.

"ನಮ್ಮ ಸ್ವಂತ ಮನೆ ಎಲ್ಲಿದೆ ಗೊತ್ತಲ್ಲ? ಮೂರನೇ ಮಹಡಿ. ಲಿಫ್ಟ್ ಇಲ್ಲ. ಅಜ್ಜಿ ಒಂದ್ಸಲ ಮೇಲೆ ಹೋದ್ರೆ ಮತ್ತೆ ಕೆಳಗೆ ಬರೋದು ನಾಲ್ಕು ಜನರ ಹೆಗಲ ಮೇಲೇ. ಅದನ್ನೂ ನಿನ್ನ ಎರಡು ಸಾಲಿನ ಪಕ್ಕ ಇಟ್ಟು ತೂಗಿ ನೋಡು."

ಒಳಕೋಣೆಯಿಂದ ಅಜ್ಜಿಯ ಧ್ವನಿ ಬಂತು. "ನನ್ನ ಹೆಣದ ಲೆಕ್ಕ ಬೆಳಗ್ಗೇನೇ ಶುರುವಾಯ್ತಾ? ಕಿವಿಗಿನ್ನೂ ವಯಸ್ಸಾಗಿಲ್ಲ!"

ಆ ವಾರ ಸೊಸೆ ಮತ್ತೊಮ್ಮೆ ಮಾಡಿ ನೋಡಿದಳು. ಮೇಲಧಿಕಾರಿಯ ಅನುಮತಿ ಪಡೆದು, ತನ್ನ ಕೆಲಸದ ಪಕ್ಕದಲ್ಲೇ ಫ್ಲಾಸ್ಕ್ ಇಟ್ಟು, ಗಾಳಿಯನ್ನೆಲ್ಲ ಓಡಿಸಿ ನೈಟ್ರೋಜನ್ ತುಂಬಿದಳು. ಸಂಜೆ ಫ್ಲಾಸ್ಕಿನ ಹನಿ ಹಾಕಿ ಪರೀಕ್ಷಿಸುವ ಗಾಜಿನ ಪಟ್ಟಿಯನ್ನು ನೇರಳೆ ದೀಪದ ಕೆಳಗೆ ಹಿಡಿದಾಗ, ಒಂದೊಂದು ವಸ್ತುವಿಗೆ ಒಂದೊಂದರಂತೆ, ಬೆಳಗ್ಗೆ ಇದ್ದ ಎರಡು ಚುಕ್ಕೆಗಳೇ ಇದ್ದವು. ಎರಡೂ ಸೇರಿ ಆಗಬೇಕಿದ್ದ ಮೂರನೆಯದು ಬರಲಿಲ್ಲ.

ಈ ಸಲ ಪ್ರೊಫೆಸರ್ ಗಾಳಿಯನ್ನು ದೂರಲಿಲ್ಲ.

"ಕಾರ್ಖಾನೆ ಸೇರಿದ ಮೇಲೆ ನಿನ್ನ ಕೈ ಮೊಂಡಾಗಿದೆ," ಎಂದರು ಊಟದ ನಡುವೆ. "ಅಲ್ಲಿ ಯಂತ್ರ ಕೆಲಸ ಮಾಡುತ್ತೆ, ನೀನು ಗುಂಡಿ ಒತ್ತುತ್ತೀಯ."

"ಅಪ್ಪಾ," ಎಂದ ಮಗ. ಅವನಿಗೆ ಕನ್ನಡಕದ ಅಂಗಡಿ ಇತ್ತು. ದಿನವಿಡೀ ಗಿರಾಕಿಗಳನ್ನು ಸಮಾಧಾನ ಮಾಡಿ ಬಂದವನಿಗೆ ಮನೆಯಲ್ಲೂ ಅದೇ ಕೆಲಸ. "ಊಟ ಮಾಡೋವಾಗ ಬೇಡ."

"ಅಡುಗೆಗೆ ಕೈಗುಣ ಅಂತೀವಿ, ವೈದ್ಯರಿಗೆ ಕೈಗುಣ ಅಂತೀವಿ," ಎಂದರು ಅತ್ತೆ. "ಇದಕ್ಕೂ ಇರಬೇಕು."

"ಕೈಗುಣದಿಂದ ಆದ್ರೆ ಅದು ಕೆಮಿಸ್ಟ್ರಿ ಅಲ್ಲ ಅತ್ತೆ. ಯಾರ ಕೈಯಲ್ಲಾದ್ರೂ ಆಗಬೇಕು. ಇದನ್ನ ನನಗೆ ಹೇಳಿಕೊಟ್ಟಿದ್ದೇ ಸರ್."

'ಸರ್' ಎಂಬ ಮಾತು ಮೇಜಿನ ಮೇಲೆ ಬಿದ್ದಿತು. ಪ್ರೊಫೆಸರ್ ತಟ್ಟೆಯಿಂದ ಕೈ ತೆಗೆದರು.

"ಭಾನುವಾರ ನನ್ನ ಲ್ಯಾಬಿಗೆ ಬಾ. ನನ್ನ ಕಣ್ಣ ಮುಂದೆ ಮಾಡು."

ಭಾನುವಾರ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಕಾರಿಡಾರಿನಲ್ಲಿ ಈಥರಿನ ಹಳೆಯ ಸಿಹಿ ವಾಸನೆ, ಪಂಪ್ ಒಂದರ ಗೊರಕೆ. ಕೋಣೆ ಅವಳು ಬಿಟ್ಟು ಹೋದಾಗ ಹೇಗಿತ್ತೋ ಹಾಗೆಯೇ ಇತ್ತು. ಸಿಂಕಿನ ಮೇಲೆ ಅವರದೇ ಅಕ್ಷರದಲ್ಲಿ 'ಮೂರು ನೀರು' ಎಂಬ ಹಳದಿಯಾದ ಚೀಟಿ. ಕಿಟಕಿಯ ಪಕ್ಕದಲ್ಲಿ ಜಾಮ್ ಬಾಟಲಿ, ಅದರ ತುಂಬ ಬೀಡ್‌ಗಳು: ಫ್ಲಾಸ್ಕಿನೊಳಗೆ ಹಾಕಿದರೆ ತಾನೇ ಸುತ್ತಿ ದ್ರವವನ್ನು ಕಲಕುವ, ಬಿಳಿ ಪ್ಲಾಸ್ಟಿಕ್ ಹೊದಿಸಿದ, ಮಾತ್ರೆಯಷ್ಟು ದೊಡ್ಡ ಅಯಸ್ಕಾಂತದ ತುಂಡುಗಳು. ಬೇರೆಯವರು ಗೀಚು ಬಿದ್ದ ಬೀಡ್‌ಗಳನ್ನು ಎಸೆದು ಹೊಸ ಪೊಟ್ಟಣ ಒಡೆಯುತ್ತಿದ್ದರು. ಪ್ರೊಫೆಸರ್ ಎಸೆಯುತ್ತಿರಲಿಲ್ಲ. ಆಮ್ಲದಲ್ಲಿ ನೆನೆಸಿ, ಮೂರು ನೀರು ತೋರಿಸಿ, ಬಾಟಲಿಗೆ ಹಾಕುತ್ತಿದ್ದರು. ಸೊಸೆ ತನ್ನ ಪಿಎಚ್‌ಡಿಯ ಕಾಲದಲ್ಲಿ ಬಳಸಿದವೂ ಅದರಲ್ಲಿದ್ದಿರಬೇಕು.

ಅವರು ಎತ್ತರದ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತರು. ಅವಳು ತೂಗಿದಳು, ಸುರಿದಳು, ಬಾಟಲಿಯಿಂದ ಒಂದು ಬೀಡ್ ತೆಗೆದು ಹಾಕಿದಳು, ಬಿಸಿ ಮಾಡಿದಳು. ಊಟದ ಹೊತ್ತಿಗೆ ದೀಪದ ಕೆಳಗೆ ಮೂರನೆಯ ಚುಕ್ಕೆ ಹೊಳೆಯಿತು.

"ನೋಡಿದೆಯಾ?" ಪ್ರೊಫೆಸರ್ ಸ್ಟೂಲಿನಿಂದ ಹುಡುಗನಂತೆ ಇಳಿದರು. "ಯಾರ ಕೈ? ನಿನ್ನದೇ ಕೈ!"

ಬರುವ ದಾರಿಯಲ್ಲಿ ಅವರು ಕೇಕ್ ಕೊಂಡರು. ಅತ್ತೆ ಅದನ್ನು ಐದು ಪಾಲು ಮಾಡಿ, ದೊಡ್ಡ ಪಾಲನ್ನು ಸೊಸೆಯ ತಟ್ಟೆಗೆ ಹಾಕಿದರು.

"ಇನ್ನಾದ್ರೂ ಬರೆದುಕೊಡ್ತೀಯಲ್ಲ?"

"ಇದು ಮಾವನ ಲ್ಯಾಬಲ್ಲಿ ಆಗಿದ್ದು, ಅತ್ತೆ. ನಮ್ಮ ಲ್ಯಾಬಲ್ಲಿ ಆಗಲಿ, ಅದೇ ದಿನ ಬರೀತೀನಿ."

ಅತ್ತೆಯ ಚಾಕು ಕೇಕಿನ ರಟ್ಟಿನ ಮೇಲೆ ಒಂದು ಗೆರೆ ಎಳೆದು ನಿಂತಿತು. "ಇವಳಿಗೆ ಕೇಕೂ ಸಾಕ್ಷಿ ಸಮೇತ ಬೇಕು," ಎಂದಳು ಅಜ್ಜಿ, ತನ್ನ ಪಾಲನ್ನು ಬಾಯಿಗಿಟ್ಟುಕೊಂಡು. "ಇದು ಪರವಾಗಿಲ್ಲ. ಬೆಳ್ಳುಳ್ಳಿ ಇಲ್ಲ."

ಪ್ರೊಫೆಸರ್ ತಮ್ಮದೇ ಬೋರಾನ್ ಸಂಯುಕ್ತ, ತಮ್ಮದೇ ದ್ರಾವಕ, ತಮ್ಮದೇ ಫ್ಲಾಸ್ಕ್ ಕೊಟ್ಟು ಕಳಿಸಿದರು. ಸೊಸೆ ಅವನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದಳು. ಕಾರ್ಖಾನೆಯಲ್ಲಿ ಸಂಜೆಯಾದರೂ ಎರಡೇ ಚುಕ್ಕೆ.

ಅದನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಕೇಳಿದಾಗ, "ಇನ್ನೂ ಇಟ್ಟಿಲ್ಲ ಮಾವ, ಕೆಲಸ ಜಾಸ್ತಿ," ಎಂದಳು. ಗಂಡನಿಗೆ ಮಾತ್ರ, ಬಟ್ಟೆ ಒಣಹಾಕುವಾಗ ಹೇಳಿದಳು.

"ಅಲ್ಲಿ ಆಯ್ತು, ಇಲ್ಲಿ ಆಗ್ಲಿಲ್ಲ. ಎರಡೂ ನಿನ್ನ ಕೈಯೇ," ಎಂದ ಅವನು. "ಆದದ್ದನ್ನ ಬರಿ. ಎರಡು ಸಾಲು ಬರೆದ್ರೆ ಕಣ್ಣು ಹೋಗುತ್ತಾ?"

"ನೀನು ಗಿರಾಕಿಗೆ ತಪ್ಪು ನಂಬರಿನ ಕನ್ನಡಕ ಕೊಡ್ತೀಯಾ?"

"ಕೊಡಲ್ಲ. ಆದ್ರೆ ಗಿರಾಕಿ ನನ್ನ ಅಪ್ಪ ಅಲ್ವಲ್ಲ."

"ದಿನಾ ನನ್ನ ಸಹಿ ನೋಡಿ ಜನ ಮಾತ್ರೆ ನುಂಗ್ತಾರೆ. ಆ ಸಹಿ ಮನೆಗೊಂದು, ಹೊರಗೊಂದು ಇಟ್ಕೊಳ್ಳೋಕಾಗುತ್ತಾ?"

ಅವನು ಒದ್ದೆ ಅಂಗಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಡವಿ ತಂತಿಗೆ ಹಾಕಿದ.

ಕಮಿಟಿ ಬರಲು ಒಂದು ವಾರವಿತ್ತು. ಆ ಸಂಜೆ ಅಜ್ಜಿ ಹಾಲಿನ ಲೋಟ ಹಿಡಿದು, ಗೋಡೆ ಹಿಡಿದು, ನಿಧಾನವಾಗಿ ಅಡುಗೆಮನೆಗೆ ಬಂದು ಎಲ್ಲವನ್ನೂ ಸಿಂಕಿಗೆ ಸುರಿದಳು.

"ಅಯ್ಯೋ! ಯಾಕೆ ಚೆಲ್ಲಿದ್ರಿ?" ಎಂದರು ಅತ್ತೆ.

"ಹಸಿವಾದ್ರೂ ಸರಿ. ನಾನು ಕುಡಿಯಲ್ಲ."

"ನಾನು ನಿಮಗೆ ವಿಷ ಹಾಕ್ತೀನಾ? ಇಷ್ಟು ವರ್ಷ ನೋಡ್ಕೊಂಡಿದ್ದಕ್ಕೆ ಇದಾ?" ಅತ್ತೆ ನಲ್ಲಿ ತಿರುಗಿಸಿ ಸಿಂಕಿಗೆ ನೀರು ಬಿಟ್ಟರು. "ಒಬ್ಬಳು ಎರಡು ಸಾಲು ಬರೆಯಲ್ಲ, ಇನ್ನೊಬ್ಬರು ಒಂದು ಲೋಟ ಹಾಲು ಕುಡಿಯಲ್ಲ. ಈ ಮನೆ ಉಳಿಸೋಕೆ ನಾನೊಬ್ಬಳೇ ಸಾಯಬೇಕು!" ಸೆರಗಿನಿಂದ ಮುಖ ಒರೆಸಿಕೊಂಡು ಅವರು ಹೊರಟುಹೋದರು.

ಸೊಸೆ ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ ಪಾತ್ರೆ ತೊಳೆಯಲು ನಿಂತಳು. ಹಾಲಿನ ಪಾತ್ರೆಯನ್ನು ಮೂಸಿದಳು: ಏನೂ ಇಲ್ಲ. ಲೋಟ: ಏನೂ ಇಲ್ಲ. ಬಿಳಿ ರಬ್ಬರ್ ಸೌಟಿಗೆ ಮೂರು ನೀರೂ ತೋರಿಸಿದಳು. ನೀರು ಜಾರಿತು. ಮೂಸಿದಾಗ ಅದಕ್ಕೂ ವಾಸನೆಯಿರಲಿಲ್ಲ. ಏನನ್ನಿಸಿತೋ, ಒಂದಿಷ್ಟು ಹಾಲನ್ನು ಬಿಸಿಗಿಟ್ಟು ಆ ಸೌಟನ್ನು ಒಳಗೆ ಬಿಟ್ಟು ಕಲಕುತ್ತಾ ನಿಂತಳು. ಹಾಲು ಕಾಯುತ್ತಿದ್ದಂತೆ ಹಬೆಯ ಜೊತೆ ಬೆಳಗ್ಗೆ ಹುರಿದ ಬೆಳ್ಳುಳ್ಳಿ ಮೆಲ್ಲನೆ ಮೇಲೆದ್ದು ಬಂತು.

"ಬಂತಾ?" ಎಂದಳು ಅಜ್ಜಿ ಕುರ್ಚಿಯಿಂದ.

"ಬಂತು ಅಜ್ಜಿ."

"ಮತ್ತೆ ನಾನೇನು ಕನಸು ಕಂಡ್ನಾ?"

ಸೊಸೆ ಸೌಟನ್ನು ಮೇಲೆತ್ತಿ ಹಿಡಿದಳು. ಸೌಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಬಿಳಿ, ಮೃದು, ಅಲ್ಲಲ್ಲಿ ಗೀಚು. ಸಂಯುಕ್ತ, ದ್ರಾವಕ, ಫ್ಲಾಸ್ಕ್ ಎಲ್ಲವನ್ನೂ ಅವಳು ಮಾವನ ಕೋಣೆಯಿಂದ ಒಯ್ದಿದ್ದಳು. ಬೀಡ್ ಮಾತ್ರ ಕಾರ್ಖಾನೆಯ ಹೊಸ ಪೊಟ್ಟಣದ್ದು.

ಅವಳು ಕೈ ಒರೆಸಿಕೊಂಡು ಹೋಗಿ ಪ್ರೊಫೆಸರರ ಕೋಣೆಯ ಬಾಗಿಲಲ್ಲಿ ನಿಂತಳು.

"ಮಾವ, ನಾಳೆ ನಿಮ್ಮ ಬಾಟಲಿಯಿಂದ ಒಂದು ಬೀಡ್ ಕೊಡ್ತೀರಾ?"

"ಒಂದ್ಯಾಕೆ? ಎರಡು ತಗೋ." ಅವರು ಓದುತ್ತಿದ್ದ ಹಾಳೆಯಿಂದ ಕಣ್ಣು ಎತ್ತಲೇ ಇಲ್ಲ.

ಮರುದಿನ ಮಾವನ ಲ್ಯಾಬಿನಿಂದ ಎರಡು ಬೀಡ್ ತೆಗೆದುಕೊಂಡು ಹೋಗಿ ಕಾರ್ಖಾನೆಯಲ್ಲಿ ಅವಳು ಸಾಲಾಗಿ ಫ್ಲಾಸ್ಕ್‌ಗಳನ್ನಿಟ್ಟಳು. ಹೊಸ ಬೀಡ್ ಹಾಕಿದ್ದರಲ್ಲಿ ಎರಡೇ ಚುಕ್ಕೆ. ಪ್ರೊಫೆಸರರ ಬೀಡ್ ಹಾಕಿದ್ದರಲ್ಲಿ ಮೂರು. ಅವರ ಇನ್ನೊಂದು ಬೀಡ್ ಹಾಕಿ, ಅವರು ಕಂಡುಹಿಡಿದ ಬೋರಾನ್ ಸಂಯುಕ್ತವನ್ನೇ ಹಾಕದೆ ಬಿಟ್ಟಿದ್ದ ಫ್ಲಾಸ್ಕಿನಲ್ಲೂ ಮೂರು ಚುಕ್ಕೆ, ಅಷ್ಟೇ ಹೊಳಪಾಗಿ.

ಅವಳು ಅದನ್ನು ಮೇಜಿನ ಮುಂದೆ ಹೇಳಲಿಲ್ಲ. ಮಾರನೆಯ ಬೆಳಗ್ಗೆ ಪ್ರೊಫೆಸರ್ ಸಂಸ್ಥೆಗೆ ನಡೆದು ಹೋಗುವಾಗ ಬಸ್ ನಿಲ್ದಾಣದವರೆಗೆ ಜೊತೆಗೆ ಹೆಜ್ಜೆ ಹಾಕಿದಳು. ಅವರು ಪೂರ್ತಿ ಕೇಳಿಸಿಕೊಂಡರು. ನಡಿಗೆ ಮಾತ್ರ ವೇಗವಾಗುತ್ತಾ ಹೋಯಿತು.

"ಆ ಬೀಡ್ ಮೂರು ನೀರು ಕಂಡಿದೆ."

"ಕಂಡಿದೆ ಸರ್. ನೀರಿಗೆ ಕಾಣೋದು ಮೇಲ್ಮೈ ಮಾತ್ರ. ನಾವೆಲ್ಲ ಅದೇ ಬೀಡಲ್ಲಿ ವರ್ಷಗಟ್ಟಲೆ ಪಲ್ಲಾಡಿಯಮ್ ಕಲಕಿದ್ದೀವಿ. ಗೀಚಿನೊಳಗೆ ಕೂತಿದೆ."

"ಆಮ್ಲದಲ್ಲಿ ನೆನೆಸಿದ್ದೀನಿ!"

"ಸರ್, ನಿಮ್ಮ ಬೋರಾನ್ ಹಾಕದೇನೂ ಆಯ್ತು."

ಅವರು ನಿಂತರು. ಎದುರಿಗೆ ಹಾಲಿನ ಗಾಡಿಯೊಂದು ಕ್ರೇಟುಗಳನ್ನು ಇಳಿಸುತ್ತಿತ್ತು. ಖಾಲಿ ಕ್ರೇಟೊಂದು ಉರುಳಿ ಅವರ ಕಾಲಿನವರೆಗೂ ಬಂದರೂ ಅವರು ಕದಲಲಿಲ್ಲ.

"ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ."

"ಹೇಳಬೇಡ," ಎಂದು ಅವರು ರಸ್ತೆ ದಾಟಿದರು. ಅವಳ ಬಸ್ಸು ಬಂದು ನಿಂತು, ಹೋಯಿತು. ಅವಳು ಹತ್ತಲಿಲ್ಲ, ಮುಂದಿನದಕ್ಕೆ ಕಾದಳು.

ಅಂದಿನಿಂದ ಪ್ರೊಫೆಸರ್ ತಟ್ಟೆಯನ್ನು ತಮ್ಮ ಕೋಣೆಗೇ ತರಿಸಿಕೊಂಡರು. ತಟ್ಟೆ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ಅತ್ತೆ ಅದನ್ನು ಸೊಸೆಯ ಮುಂದೆ ಸದ್ದಾಗುವಂತೆ ಇಡುತ್ತಿದ್ದರು. ಎರಡು ದಿನ ತಡೆದು ಮೂರನೆಯ ದಿನ ಕೇಳಿಯೇಬಿಟ್ಟರು.

"ಏನು ಹೇಳಿದೆ ಅವರಿಗೆ?"

"ಅವರನ್ನೇ ಕೇಳಿ ಅತ್ತೆ."

"ಕೇಳಿದೆ. ಗೋಡೆ ನೋಡ್ತಾರೆ. ಇಡೀ ಜೀವಮಾನ ಆ ಕೋಣೆಯಲ್ಲಿ ಕಳೆದ ಮನುಷ್ಯ. ಮಗ ಹುಟ್ಟಿದ ದಿನಾನೂ ಅಲ್ಲೇ ಇದ್ರು. ನಾನು ಒಂದು ದಿನ ದೂರಲಿಲ್ಲ. ಕೊನೆಗೆ ಒಂದು ಮರ್ಯಾದೆ ಬಂತು. ಅದನ್ನೂ ಮನೆಯವರೇ ಕಿತ್ಕೊಂಡ್ರೆ?"

"ನಾನು ಕಿತ್ಕೊಂಡಿಲ್ಲ."

"ಬಾಯಿ ಮುಚ್ಚಿಕೊಂಡಿದ್ರೆ ಯಾರ ಗಂಟು ಹೋಗ್ತಿತ್ತು?"

"ಯಾರಾದ್ರೂ ಇದನ್ನ ನಂಬಿ, ಲೋಹ ಇಲ್ಲ ಅಂದ್ಕೊಂಡು ಮಾತ್ರೆ ಮಾಡಿದ್ರೆ? ತಿನ್ನೋರ ಗಂಟು ಹೋಗುತ್ತೆ."

"ಎಲ್ಲಿಯವರದೋ ಹೊಟ್ಟೆ ಕಾಣುತ್ತೆ ನಿನಗೆ. ಮನೆಯವರ ಹೊಟ್ಟೆ ಕಾಣಲ್ಲ." ಅತ್ತೆ ಅರ್ಧ ತುಂಬಿದ ತಟ್ಟೆಯನ್ನು ಎತ್ತಿಕೊಂಡರು. "ಇನ್ಮೇಲೆ ನನ್ನ ಹತ್ರ ಮಾತಾಡಬೇಡ."

ಅವರು ಹೇಳಿದಂತೆಯೇ ನಡೆದುಕೊಂಡರು. "ಉಪ್ಪು ಬೇಕಾ ಅಂತ ಕೇಳು," ಎಂದು ಮಗನ ಮೂಲಕ ಮಾತು ಹೋಗುತ್ತಿತ್ತು, ಬರುತ್ತಿತ್ತು. "ನಾನು ಮನುಷ್ಯನೋ ಪೋಸ್ಟ್ ಡಬ್ಬಿಯೋ?" ಎಂದು ಅವನು ಒಂದು ಸಲ ರೇಗಿದ. ವಾಸನೆ ಬಿಳಿ ಸೌಟಿನದು ಎಂದು ಹೇಳಿ ಅಜ್ಜಿಯ ಹಾಲನ್ನು ಸೊಸೆಯೇ ಸ್ಟೀಲ್ ಚಮಚದಲ್ಲಿ ಕಲಕಿ ಕೊಡಲು ಹೋದರೆ ಅತ್ತೆ ಅದಕ್ಕೂ ಬಿಡಲಿಲ್ಲ. ಬಿಳಿ ಸೌಟನ್ನೇ ಹಿಡಿದು, ಹಠದಿಂದ, ಇನ್ನಷ್ಟು ಹೊತ್ತು ಕಲಕಿದರು.

ಕಮಿಟಿ ಬರುವ ಹಿಂದಿನ ದಿನ ಪ್ರೊಫೆಸರ್ ಮೇಜಿಗೆ ಬಂದು ಕುಳಿತರು. ಗಡ್ಡ ನುಣ್ಣಗೆ ಹೆರೆದಿದ್ದರು. ಅತ್ತೆ ಇಸ್ತ್ರಿ ಮಾಡಿದ ಅಂಗಿಯನ್ನು ಎಲ್ಲರಿಗೂ ಕಾಣುವಂತೆ ಕುರ್ಚಿಯ ಬೆನ್ನಿಗೆ ಹಾಕಿದ್ದರು.

ಅಜ್ಜಿ ತನ್ನ ಲೋಟವನ್ನು ಮಗನ ಮುಂದೆ ನೂಕಿದಳು. "ನೀನೇ ಕುಡಿದು ಹೇಳು. ಇವತ್ತು ಇತ್ಯರ್ಥ ಆಗಲಿ."

"ಅಮ್ಮ, ಇದೇನು ಹೊತ್ತಾ?"

"ಕುಡಿ."

ಅವರು ಲೋಟ ಎತ್ತಿ ಒಂದು ಗುಟುಕು ಕುಡಿದರು. ಬಾಯಲ್ಲಿ ಹಿಡಿದುಕೊಂಡು, ಆಮೇಲೆ ನುಂಗಿದರು. ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು. ಅವರ ಕಣ್ಣು ಒಂದು ಕ್ಷಣ ಒಲೆಯ ಪಕ್ಕ ತೂಗುಹಾಕಿದ್ದ ಬಿಳಿ ಸೌಟಿನ ಮೇಲೆ ನಿಂತು ಹಿಂದಕ್ಕೆ ಬಂತು.

"ವಾಸನೆ ಇಲ್ಲ," ಎಂದರು.

"ಕೇಳಿಸ್ತಾ ಎಲ್ಲರಿಗೂ?" ಎಂದರು ಅತ್ತೆ.

ಅಜ್ಜಿ ಮಗನನ್ನು ತುಂಬ ಹೊತ್ತು ನೋಡಿದಳು. "ನೀನು ಚಿಕ್ಕವನಿದ್ದಾಗಲೂ ಸುಳ್ಳು ಹೇಳೋಕೆ ಬರ್ತಿರಲಿಲ್ಲ," ಎಂದು ಎದ್ದು, ಗೋಡೆ ಹಿಡಿದು ಕೋಣೆಗೆ ಹೋದಳು.

ಮರುದಿನ ಸೊಸೆ ಕೆಲಸದಲ್ಲಿ ಒಂದು ತೂಕವನ್ನು ತಪ್ಪಾಗಿ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಬೇಕಾಯಿತು. ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು, ಆದರೆ ಅವಳಿಗಾಗಿ ಅಲ್ಲ. ಮಗ ಅಂಗಡಿ ಬೇಗ ಮುಚ್ಚಿ ಬಂದಿದ್ದ. ಅಜ್ಜಿ ಮೇಜಿನ ತುದಿಯಲ್ಲಿ ಕುಳಿತಿದ್ದಳು.

ಪ್ರೊಫೆಸರ್ ಬಂದಾಗ ಕೈಯಲ್ಲಿ ಜಾಮ್ ಬಾಟಲಿ ಇತ್ತು. ಅದನ್ನು ಮೇಜಿನ ಮೇಲಿಟ್ಟು, ಕೈ ತೊಳೆದು ಬಂದು ಕುಳಿತರು.

"ಏನಾಯ್ತು ರೀ?"

"ಮೂರು ಫ್ಲಾಸ್ಕ್ ಇಟ್ಟೆ, ಅವರ ಮುಂದೆ. ಒಂದರಲ್ಲಿ ನನ್ನ ಬೋರಾನ್, ಹೊಸ ಬೀಡ್. ಒಂದರಲ್ಲಿ ನನ್ನ ಬೋರಾನ್, ಹಳೇ ಬೀಡ್. ಇನ್ನೊಂದರಲ್ಲಿ ಬರೀ ಹಳೇ ಬೀಡ್." ಅವರು ಮೇಜಿನ ಮೇಲಿದ್ದ ಲೋಟಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು. "ಹೊಸ ಬೀಡಲ್ಲಿ ಏನೂ ಆಗ್ಲಿಲ್ಲ. ಹಳೇದು ಎರಡರಲ್ಲೂ ಆಯ್ತು. ಇಷ್ಟು ದಿನ ಕೆಲಸ ಮಾಡಿದ್ದು ಬೋರಾನ್ ಅಲ್ಲ, ಬೀಡಲ್ಲಿ ಉಳಿದಿದ್ದ ಪಲ್ಲಾಡಿಯಮ್ ಅಂದೆ. ಪ್ರಬಂಧ ವಾಪಸ್ ತಗೋತೀನಿ ಅಂದೆ."

ಮಗ ಉಸಿರು ಬಿಟ್ಟ. "ಅವರೇನಂದ್ರು?"

"ಚಹಾ ಕುಡಿದ್ರು. ಒಬ್ಬರು ಕೈ ಕುಲುಕಿದ್ರು. ಕೋಣೆ ಬೇರೆಯವರಿಗೆ ಹೋಗುತ್ತೆ."

"ಮನೆ?" ಎಂದರು ಅತ್ತೆ.

"ಸ್ವಲ್ಪ ಸಮಯ ಕೊಡ್ತಾರಂತೆ."

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಒಳಗೆ ಪಾತ್ರೆಗಳು ಒಂದರ ಮೇಲೊಂದು ಬಿದ್ದವು.

"ಜಿರಳೆ ಪುಡಿಗೆ ಜಿರಳೆ ಸಾಯೋದಾದ್ರೂ ನಿಜ ತಾನೇ?" ಎಂದು ಅಜ್ಜಿ ಕೇಳಿದಳು.

"ಅದು ನಿಜ, ಅಮ್ಮ."

"ಸದ್ಯ. ನಾನು ಊರಿಗೆಲ್ಲ ಹೇಳಿದ್ದೆ."

ಪ್ರೊಫೆಸರ್ ನಗಲು ಹೋದರು. ನಗೆ ಅರ್ಧಕ್ಕೇ ನಿಂತಿತು. ಅಜ್ಜಿಯ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಿನ್ನ ಹಾಲಲ್ಲಿ ವಾಸನೆ ಇತ್ತು, ಅಮ್ಮ."

"ನಿನ್ನೆ ಇಲ್ಲ ಅಂದೆ?"

"ನಿನ್ನೇನೂ ಇತ್ತು."

ಅವರು ಸೊಸೆಯ ಕಡೆ ನೋಡಲಿಲ್ಲ. ಜಾಮ್ ಬಾಟಲಿಯನ್ನು ಮಾತ್ರ ಅವಳ ಕಡೆ ಸರಿಸಿದರು. "ನಿಮ್ಮಲ್ಲಿ ಯಂತ್ರ ಇದೆಯಲ್ಲ. ಇವುಗಳಲ್ಲಿ ಎಷ್ಟು ಲೋಹ ಕೂತಿದೆ ಅಂತ ಅಳೆದು ನೋಡು. ಅದನ್ನ ನಾವೇ ಬರೀಬೇಕು, ಬೇರೆಯವರು ಬರೆಯೋ ಮುಂಚೆ." ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದರು. "ಈಗ ಆ ಎರಡು ಸಾಲು ಬರೆದುಕೊಡ್ತೀಯಾ?"

"ಕೊಡ್ತೀನಿ ಸರ್."

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. ಅವರ ಒಂದು ಕೈಯಲ್ಲಿ ಬಿಳಿ ಸೌಟು, ಇನ್ನೊಂದರಲ್ಲಿ ಕೆಂಪು ದಾರದ ಉಂಡೆ. ಅಳುತ್ತಿದ್ದರೋ ಏನೋ, ಮೂಗು ಕೆಂಪಾಗಿತ್ತು. ಸೌಟಿನ ಹಿಡಿಗೆ ದಾರ ಸುತ್ತಿ, ಎರಡು ಗಂಟು ಹಾಕಿ, ಹಲ್ಲಿನಿಂದ ಕಡಿದರು.

"ಇದು ಬೆಳ್ಳುಳ್ಳಿಗೆ. ಹಾಲಿನ ಹತ್ರ ಯಾರೂ ತರಬೇಡಿ," ಎಂದು ಎಲ್ಲರ ತಲೆಯ ಮೇಲಿಂದ ಗೋಡೆಗೆ ಹೇಳಿದರು.

"ಮೂರನೇ ಮಹಡಿಗೆ ನನ್ನ ಯಾರು ಹೊತ್ಕೊಂಡು ಹೋಗ್ತಾರೆ?" ಎಂದಳು ಅಜ್ಜಿ.

"ನಾನು," ಎಂದರು ಪ್ರೊಫೆಸರ್.

"ಮೊದಲು ನಿನ್ನ ಮಂಡಿ ನೋಡ್ಕೋ."

ಅತ್ತೆ ಸೌಟನ್ನು ಅದರ ಮೊಳೆಗೆ ತೂಗುಹಾಕಿ ಬಂದು, ಐದು ತಟ್ಟೆಗಳನ್ನು ಇಟ್ಟರು. ಸೊಸೆಯ ತಟ್ಟೆಯ ಮುಂದೆ ಅವರ ಕೈ ಸ್ವಲ್ಪ ತಡೆಯಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವರು ಮಗನನ್ನು ನಡುವೆ ತರದೆ ಮಾತಾಡಿದರು.

"ನಾಳೆ ನಿನ್ನ ಕಾರ್ಖಾನೆಯಿಂದ ಒಂದಷ್ಟು ರಟ್ಟಿನ ಡಬ್ಬ ಹಿಡ್ಕೊಂಡು ಬಾ. ಗಟ್ಟಿ ಇರೋದು ನೋಡಿ ತಾ. ಗಾಜಿನ ಸಾಮಾನೇ ಜಾಸ್ತಿ ಇದೆ."